ಸತ್ಯಾಂಶ: ಇ-ಶ್ರಮ್ ಕಾರ್ಡ್ ತೋರಿಸಿದರೆ ತಿಂಗಳಿಗೆ 3000 ಸಿಗುತ್ತಾ?

"ಇ-ಶ್ರಮ್ ಕಾರ್ಡ್ ಜೆರಾಕ್ಸ್ ಹಿಡಿದು ಕಾರವಾರದ ಕಾರ್ಮಿಕ ಅಧಿಕಾರಿ ಹತ್ತಿರ ಹೋಗಿ, ತಿಂಗಳಿಗೆ 3000 ರೂಪಾಯಿ ಮಂಜೂರು ಮಾಡ್ತಾರೆ." ಇಂಥ ಫಾರ್ವರ್ಡ್ ನೋಡಿ ಬಸ್ ಹತ್ತುವ ಮೊದಲು ಸ್ವಲ್ಪ ತಡೆಯಿರಿ.

ಇ-ಶ್ರಮ್ ಶುರುವಾಗಿದ್ದು 2021ರಲ್ಲಿ. ಅದು ಅಸಂಘಟಿತ ಕಾರ್ಮಿಕರ ಹೆಸರು ಬರೆಸುವ ಪಟ್ಟಿ, ಅಷ್ಟೇ. ಸಿಗುವುದು 12 ಅಂಕಿಯ ನಂಬರ್, ದುಡ್ಡಲ್ಲ.

3000ದ ಮಾತು ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ್ ಯೋಜನೆಯದ್ದು. ಅದಕ್ಕೆ 18ರಿಂದ 40 ವರ್ಷದೊಳಗೇ ಸೇರಬೇಕು. ವಯಸ್ಸು ನೋಡಿ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು, ಕೇಂದ್ರವೂ ಅಷ್ಟೇ ಹಾಕುತ್ತದೆ. ಪಿಂಚಣಿ ಬರುವುದು 60 ತುಂಬಿದ ಮೇಲೆ. ಮೀನು ಬುಟ್ಟಿ ಹೊತ್ತು ಮನೆ ಮನೆ ತಿರುಗುವ ಐವತ್ತರ ಅಕ್ಕನಿಗೆ ಈಗ ಸೇರಲಿಕ್ಕೇ ಆಗುವುದಿಲ್ಲ. ಬೇಜಾರಿನ ಸಂಗತಿ, ಆದರೆ ಸುಮ್ನೆ ಆಸೆ ಹುಟ್ಟಿಸುವುದು ಅದಕ್ಕಿಂತ ಜಾಸ್ತಿ ಬೇಜಾರು, ಅಲ್ವಾ?

ಹಾಗಾದರೆ ಕಾರ್ಮಿಕ ಅಧಿಕಾರಿ ಹತ್ತಿರ ಯಾವಾಗ ಹೋಗಬೇಕು? ಮಾಲೀಕ ಕನಿಷ್ಠ ಕೂಲಿ ಕೊಡದಿದ್ದರೆ, ಸಂಬಳ ಬಾಕಿ ಇಟ್ಟರೆ ಹೋಗಿ. ಕಟ್ಟಡ ಕಾರ್ಮಿಕರ ನೋಂದಣಿಯೂ ಅದೇ ಇಲಾಖೆಯದ್ದು. ಅದಕ್ಕೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು.