ಮರಳುಗಾಡಿನ ಮಡಿವಂತರು

ಸಿನಿಮಾ ಇನ್ನೂ ತೆರೆಗೆ ಬಂದಿಲ್ಲ. ಆದರೆ ಅದು ಕೆಟ್ಟಿದೆ ಎಂಬ ತೀರ್ಪು ಆಗಲೇ ಹೊರಬಿದ್ದಿದೆ. ಮರಳುಗಾಡಿನ ಗ್ರಹವೊಂದರ ಕಥೆ ಹೇಳುವ ವೈಜ್ಞಾನಿಕ ಕಾದಂಬರಿಯಿಂದ ಹುಟ್ಟಿದ ‘ಡ್ಯೂನ್’ ಸರಣಿಯ ಮೂರನೆಯ ಚಿತ್ರಕ್ಕೆ 2026ರ ಡಿಸೆಂಬರ್ 18 ಎಂದು ಮುಹೂರ್ತ ಗೊತ್ತಾದದ್ದೇ ತಡ, ಅಭಿಮಾನಿ ಬಳಗದ ನಿದ್ದೆ ಹಾರಿಹೋಗಿದೆ. ಅದೇ ದಿನಕ್ಕೆ ಅವೆಂಜರ್ಸ್ ಪಡೆಯ ಹೊಸ ಚಿತ್ರ ‘ಡೂಮ್ಸ್‌ಡೇ’ಯೂ ನಿಗದಿಯಾಗಿದೆ ಎಂದು ತಿಳಿದ ಮೇಲಂತೂ ಎರಡಕ್ಕೂ ಗಂಟು ಹಾಕಿ ‘ಡ್ಯೂನ್ಸ್‌ಡೇ’ ಎಂದು ಹೆಸರಿಟ್ಟು, ಯಾವುದನ್ನು ಬೆಳಿಗ್ಗೆ ನೋಡಬೇಕು, ಯಾವುದನ್ನು ಸಂಜೆ ನೋಡಬೇಕು, ನಡುವೆ ಊಟ ಮಾಡಿದರೆ ಅಪಚಾರವಾದೀತೇ ಎಂದು ಚರ್ಚೆ ನಡೆದಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುತ್ತಿದ್ದ ನಮ್ಮ ಹಿರಿಯರು ಬಡಪಾಯಿಗಳು. ಇವರು ಕೂಸು ಹುಟ್ಟುವ ಮುನ್ನವೇ ಅದರ ಮೂಗು ತಾತನಂತಿಲ್ಲ ಎಂದು ಪಂಚಾಯಿತಿ ಸೇರಿಸಿದ್ದಾರೆ.

ಸದ್ಯದ ಪಂಚಾಯಿತಿ ಕಥಾನಾಯಕ ಪಾಲ್‌ನ ಪ್ರೇಯಸಿ ಚಾನಿಯದ್ದು. 2024ರಲ್ಲಿ ಬಂದ ಎರಡನೆಯ ಭಾಗದ ಕೊನೆಯಲ್ಲಿ ಪಾಲ್ ಮಹಾಶಯ ಸಿಂಹಾಸನಕ್ಕಾಗಿ ಚಕ್ರವರ್ತಿಯ ಮಗಳ ಕೈ ಹಿಡಿಯಲು ಹೊರಟಾಗ ಚಾನಿ ಮುಖ ತಿರುಗಿಸಿಕೊಂಡು, ದೈತ್ಯ ಮರಳು ಹುಳುವನ್ನು ಕರೆದು ಮರಳುಗಾಡಿಗೆ ಹೊರಟುಬಿಟ್ಟಳು. ಕಾದಂಬರಿಯಲ್ಲಿ ಹಾಗಿಲ್ಲ. ಅಲ್ಲಿ ಆಕೆ ಎಲ್ಲವನ್ನೂ ನುಂಗಿಕೊಂಡು ಅವನ ಜೊತೆಯಲ್ಲೇ ಉಳಿಯುತ್ತಾಳೆ, ಮುಂದಿನ ಕಾದಂಬರಿಯಲ್ಲೂ ಇರುತ್ತಾಳೆ. ಹಾಗಾದರೆ ಈಗ ಅವಳನ್ನು ಕರೆತರುವವರು ಯಾರು? ಅವಳಾಗಿಯೇ ಬರುತ್ತಾಳೆಯೇ, ಇವನೇ ಹೋಗಿ ಕರೆಯಬೇಕೇ? ಮುನಿಸಿಕೊಂಡು ತವರಿಗೆ ಹೋದ ಸೊಸೆಯ ಬಗ್ಗೆ ಮದುವೆಮನೆಯ ಮೂಲೆಯಲ್ಲಿ ಕುಳಿತ ಸೋದರತ್ತೆಯರು ಆಡುವ ಮಾತಿಗೂ ಇದಕ್ಕೂ ವ್ಯತ್ಯಾಸ ಒಂದೇ: ಅತ್ತೆಯರು ಅದನ್ನು ವೈಜ್ಞಾನಿಕ ಕಥಾಸಾಹಿತ್ಯದ ಚರ್ಚೆ ಎಂದು ಕರೆಯುವುದಿಲ್ಲ.

ಈ ಬಳಗದ ದುಃಖಗಳನ್ನು ಕೇಳಿದರೆ ಕಲ್ಲೂ ಕರಗುತ್ತದೆ. ಕಾದಂಬರಿಯಲ್ಲಿ ಪಾಲ್‌ನ ಪುಟ್ಟ ತಂಗಿ ಆಲಿಯಾ ತನ್ನ ಸ್ವಂತ ಅಜ್ಜನನ್ನು ವಿಷದ ಸೂಜಿ ಚುಚ್ಚಿ ಕೊಲ್ಲುತ್ತಾಳೆ. ಸಿನಿಮಾದಲ್ಲಿ ಆ ಮಗು ಇನ್ನೂ ತಾಯಿಯ ಹೊಟ್ಟೆಯಲ್ಲೇ ಇರುವುದರಿಂದ ಆ ಭಾಗ್ಯ ಅಣ್ಣನ ಪಾಲಾಗಿದೆ. ಎಳೆಯ ಮಗುವಿನ ಕೈಯಲ್ಲಿ ಅಜ್ಜನ ಕೊಲೆ ಮಾಡಿಸಲಿಲ್ಲವಲ್ಲ ಎಂದು ಮನೆ, ಮಠ, ಗೃಹಸಾಲ ಇರುವ ಗಂಡಸರು ಕಣ್ಣೀರಿಡುತ್ತಿದ್ದಾರೆ. ವರ್ಷಗಟ್ಟಲೆ ನಡೆಯುವ ಕಥೆಯನ್ನು ಕೆಲವೇ ತಿಂಗಳಿಗೆ ಹಿಂಡಿದ್ದಾರೆ ಎಂಬುದು ಇನ್ನೊಂದು ಕೊರಗು. 2021ರ ಮೊದಲ ಭಾಗದಲ್ಲಿ ಅರಮನೆಯ ಔತಣಕೂಟದ ದೃಶ್ಯವಿರಲಿಲ್ಲ ಎಂಬ ಕೊರಗಂತೂ ಇನ್ನೂ ಹಸಿಯಾಗಿಯೇ ಇದೆ. ತಾವು ಉಣ್ಣದ ಊಟಕ್ಕೆ ಇಷ್ಟು ವರ್ಷ ಶೋಕ ಆಚರಿಸಿದ ಜನಾಂಗ ಇತಿಹಾಸದಲ್ಲಿ ಇನ್ನೊಂದಿರಲಾರದು.

ಇವರು ಕಾಯುತ್ತಿರುವ ಈ ಪವಿತ್ರ ಗ್ರಂಥದ ಪೂರ್ವಾಶ್ರಮವನ್ನು ಸ್ವಲ್ಪ ನೋಡಬೇಕು. ಫ್ರಾಂಕ್ ಹರ್ಬರ್ಟ್ ಎಂಬ ಪತ್ರಕರ್ತ 1957ರಲ್ಲಿ ಅಮೆರಿಕದ ಆರೆಗನ್ ಕರಾವಳಿಗೆ ಹೋದದ್ದು ಹುಲ್ಲಿನ ಬಗ್ಗೆ ಬರೆಯಲು. ಅಲ್ಲಿ ಸರಕಾರದವರು ಹುಲ್ಲು ನೆಟ್ಟು ಮರಳದಿಣ್ಣೆಗಳ ಸಂಚಾರ ತಡೆಯುತ್ತಿದ್ದರು. ಆ ಲೇಖನ ಅಚ್ಚಾಗಲೇ ಇಲ್ಲ, ಬದಲಿಗೆ ಈ ದಪ್ಪ ಕಾದಂಬರಿ ಹುಟ್ಟಿತು. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಕೊನೆಗೆ 1965ರಲ್ಲಿ ಅದನ್ನು ಅಚ್ಚು ಹಾಕಿದ್ದು ಕಾರು ರಿಪೇರಿ ಕೈಪಿಡಿಗಳಿಗೆ ಹೆಸರಾಗಿದ್ದ ಚಿಲ್ಟನ್ ಎಂಬ ಸಂಸ್ಥೆ. ಕಾರ್ಬ್ಯುರೇಟರ್ ಬಿಚ್ಚುವ ವಿಧಾನದ ಪಕ್ಕದಲ್ಲಿ ಒಬ್ಬ ಮಹ್ದಿಯ, ಅಂದರೆ ಬರಲಿರುವ ರಕ್ಷಕನ, ಅವತಾರ! ಆ ಕೈಪಿಡಿಗಳಿಗೆ ನಿಷ್ಠರಾಗಿರುವವರ ಕಾರಾದರೂ ಓಡುತ್ತದೆ.

ಸಿನಿಮಾ ಮಾಡಲು ಹೊರಟವರ ಕಥೆ ಇನ್ನೂ ಸೊಗಸು. 1970ರ ದಶಕದ ನಡುವೆ ಅಲೆಹಾಂದ್ರೊ ಹೊದೊರೊವ್‌ಸ್ಕಿ ಎಂಬ ಪುಣ್ಯಾತ್ಮ ಈ ಕಾದಂಬರಿಯನ್ನು ತೆರೆಗೆ ತರುತ್ತೇನೆಂದು ಎದ್ದು ನಿಂತ. ಹಾಗೆ ಘೋಷಿಸುವಾಗ ತಾನು ಅದನ್ನು ಓದಿಯೇ ಇರಲಿಲ್ಲ ಎಂದು ಮುಂದೆ ಅವನೇ ನಗುನಗುತ್ತ ಹೇಳಿದ್ದಾನೆ. ಚಕ್ರವರ್ತಿಯ ಪಾತ್ರಕ್ಕೆ ಚಿತ್ರಕಾರ ಸಾಲ್ವಡಾರ್ ದಾಲಿಯನ್ನು ಕೇಳಿದರೆ ಆ ಮನುಷ್ಯ ಗಂಟೆಗೆ ಲಕ್ಷ ಡಾಲರ್ ಎಂದ. ಚಿತ್ರ ಹತ್ತು ಗಂಟೆಗೂ ಮೀರಿ ಬೆಳೆಯುವ ಅಂದಾಜಿತ್ತು. ದೃಶ್ಯ ದೃಶ್ಯಕ್ಕೂ ಚಿತ್ರ ಬರೆಸಿ ದಿಂಡಿನಂಥ ಪುಸ್ತಕ ಮಾಡಿಸಿದ. ಹಣ ಮಾತ್ರ ಹುಟ್ಟಲಿಲ್ಲ, ಸಿನಿಮಾ ಆಗಲಿಲ್ಲ. ಇಂದಿಗೂ ಅಭಿಮಾನಿಗಳಲ್ಲಿ ಒಂದು ಪಂಗಡ ಅದನ್ನೇ ಅತ್ಯುತ್ತಮ ರೂಪಾಂತರ ಎನ್ನುತ್ತದೆ. ಸರಿಯೇ ಇದೆ. ಆಗದ ಸಿನಿಮಾದಲ್ಲಿ ಯಾವ ಔತಣಕೂಟವೂ ಬಿಟ್ಟುಹೋಗಿರುವುದಿಲ್ಲ.

ಆ ದಿಂಡಿನ ಒಂದು ಪ್ರತಿ 2021ರ ನವೆಂಬರ್‌ನಲ್ಲಿ ಪ್ಯಾರಿಸ್‌ನ ಕ್ರಿಸ್ಟೀಸ್ ಹರಾಜಿಗೆ ಬಂತು. ಅಂದಾಜು ಬೆಲೆ ಹೆಚ್ಚೆಂದರೆ 35,000 ಯೂರೋ. ಸ್ಪೈಸ್ ಡಾವೊ ಎಂಬ ಕ್ರಿಪ್ಟೊ ಗುಂಪು ಅದನ್ನು 26 ಲಕ್ಷ ಯೂರೋಗೂ ಹೆಚ್ಚು ಕೊಟ್ಟು ಕೊಂಡಿತು. ಕೊಂಡ ಮೇಲೆ, 2022ರ ಜನವರಿಯಲ್ಲಿ, ಈ ಪುಸ್ತಕವನ್ನು ಲೋಕಕ್ಕೆ ಬಿಡುಗಡೆ ಮಾಡುತ್ತೇವೆ, ಇದರಿಂದ ಪ್ರೇರಿತವಾದ ಅನಿಮೇಷನ್ ಸರಣಿ ಮಾಡಿ ಮಾರುತ್ತೇವೆ ಎಂದು ಹೆಮ್ಮೆಯಿಂದ ಸಾರಿತು. ಪುಸ್ತಕದ ಪ್ರತಿ ಕೊಂಡರೆ ಅದರ ಹಕ್ಕುಸ್ವಾಮ್ಯ ಜೊತೆಗೆ ಬರುವುದಿಲ್ಲ ಎಂದು ಲೋಕವೆಲ್ಲ ನಕ್ಕು ಹೇಳಬೇಕಾಯಿತು. ಅವೆನ್ಯೂ ರಸ್ತೆಯ ಕಾಲುದಾರಿಯಲ್ಲಿ ಹಳೆಯ ಪುಸ್ತಕ ಚೌಕಾಸಿ ಮಾಡುವ ಹೈಸ್ಕೂಲು ಹುಡುಗನಿಗೂ ಗೊತ್ತಿರುವ ಸಂಗತಿ ಇದು. ಆ ಹುಡುಗ ಒಂದು ಮಾತು ಕೇಳಿದ್ದರೆ ಹತ್ತಾರು ಲಕ್ಷ ಯೂರೋ ಉಳಿಯುತ್ತಿತ್ತು.

1984ರಲ್ಲಿ ಡೇವಿಡ್ ಲಿಂಚ್ ಕೊನೆಗೂ ಒಂದು ಸಿನಿಮಾ ಮಾಡಿ ಮುಗಿಸಿದ. ಕಥೆ ಯಾರಿಗೂ ಅರ್ಥವಾಗಲಿಕ್ಕಿಲ್ಲ ಎಂಬ ಭಯಕ್ಕೆ ಕೆಲವು ಚಿತ್ರಮಂದಿರಗಳಲ್ಲಿ ಪ್ರೇಕ್ಷಕರ ಕೈಗೆ ಪದಗಳ ಅರ್ಥ ಮುದ್ರಿಸಿದ ಹಾಳೆ ಕೊಟ್ಟರು. ಪರೀಕ್ಷೆಗೆ ಚೀಟಿ ಹಂಚಿದರೂ ಎಲ್ಲರೂ ನಪಾಸಾದರು. ಟೀವಿಗೆಂದು ಉದ್ದ ಮಾಡಿದ ಆವೃತ್ತಿಯಿಂದ ಲಿಂಚ್ ತನ್ನ ಹೆಸರನ್ನೇ ತೆಗೆಸಿ, ಚಿತ್ರಕಥೆಗೆ ‘ಜೂಡಾಸ್ ಬೂತ್’ ಎಂಬ ಸುಳ್ಳು ಹೆಸರು ಹಾಕಿಸಿದ. ಆ ಚಿತ್ರದ ಕೊನೆಯಲ್ಲಿ ಪಾಲ್ ಪವಾಡ ಮಾಡಿ ಮರಳುಗಾಡಿನಲ್ಲಿ ಮಳೆ ಸುರಿಸುತ್ತಾನೆ, ಅಂದರೆ ಕಾದಂಬರಿ ಹೇಳುವುದಕ್ಕೆ ನೇರ ವಿರುದ್ಧ. ನಾಲ್ಕು ದಶಕ ಅದನ್ನು ಬಾಯಿಗೆ ಬಂದಂತೆ ಬೈದವರು, ಹೊಸ ಚಿತ್ರ ಬಂದ ಮೇಲೆ ‘ಏನೇ ಹೇಳಿ, ಲಿಂಚ್ ಕಾಲದ ಘನತೆ ಈಗಿಲ್ಲ’ ಎನ್ನತೊಡಗಿದ್ದಾರೆ. ಹೊದೊರೊವ್‌ಸ್ಕಿ ಮಾತ್ರ ಪ್ರಾಮಾಣಿಕ. ಲಿಂಚ್ ಚಿತ್ರಕ್ಕೆ ಅಳುತ್ತ ಹೋದವನು, ಅದು ಕೆಟ್ಟದಾಗಿದೆ ಎಂದು ಗೊತ್ತಾಗುತ್ತ ಬಂದಂತೆ ಖುಷಿಯಾಗುತ್ತ ಹೋದೆ ಎಂದು ಒಪ್ಪಿಕೊಂಡಿದ್ದಾನೆ. ಇಷ್ಟು ನೇರವಾಗಿ ಮಾತನಾಡುವ ಅಭಿಮಾನಿ ಒಬ್ಬನಾದರೂ ಸಿಕ್ಕಿದ್ದರೆ ಈ ಅಂಕಣ ಬರೆಯುವ ಕಷ್ಟವಿರುತ್ತಿರಲಿಲ್ಲ.

ಕಾದಂಬರಿಯನ್ನು ಸಿನಿಮಾ ಮಾಡಿದಾಗ ಸಿಟ್ಟು ಬರುವುದು ನಮಗೇನೂ ಹೊಸದಲ್ಲ. ‘ನಾಗರಹಾವು’ ಚಿತ್ರ ನೋಡಿದ ತ.ರಾ.ಸು. ನನ್ನ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರು ಎಂದರೆಂಬುದು ಎಲ್ಲರ ಬಾಯಲ್ಲಿರುವ ಮಾತು. ಬರೆದವರೇ ಬೈದರು, ಒಂದೇ ವಾಕ್ಯದಲ್ಲಿ ಬೈದು ಮುಗಿಸಿದರು. ಇಲ್ಲಿ ಹರ್ಬರ್ಟ್ ತೀರಿಕೊಂಡದ್ದು 1986ರಲ್ಲಿ. ಲಿಂಚ್ ಚಿತ್ರವೂ ಅವನಿಗೆ ತಕ್ಕಮಟ್ಟಿಗೆ ಹಿಡಿಸಿತ್ತು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎನ್ನುವುದು ಇದಕ್ಕೇ.

ಪೂಜಾರಿಗಳು ಅಂದದ್ದು ಸುಮ್ಮನೆ ಅಲ್ಲ. ಎರಡನೆಯ ಭಾಗದಲ್ಲಿ ಹಾವಿಯೆರ್ ಬಾರ್ದೆಮ್ ಮಾಡಿರುವ ಸ್ಟಿಲ್ಗರ್ ಎಂಬ ಮರಳುಗಾಡಿನ ಮುಖಂಡನಿದ್ದಾನೆ. ನಾನು ಮಹ್ದಿಯಲ್ಲ ಎಂದು ಪಾಲ್ ಹೇಳಿದರೆ, ಮಹ್ದಿಯಾದವನು ಎಷ್ಟು ವಿನಯವಂತನೆಂದರೆ ತಾನು ಮಹ್ದಿ ಎಂದು ಹೇಳಿಕೊಳ್ಳುವುದೇ ಇಲ್ಲ ಎಂದು ಇವನು ಪುಳಕಗೊಳ್ಳುತ್ತಾನೆ. ಪಾಲ್ ಏನು ಮಾಡಿದರೂ ‘ಲಿಸಾನ್ ಅಲ್ ಗೈಬ್!’, ಅಂದರೆ ಹೊರಲೋಕದ ದನಿ, ಎಂದು ಉದ್ಗರಿಸುತ್ತಾನೆ. ಚಿತ್ರಮಂದಿರದಲ್ಲಿ ಎಲ್ಲರೂ ನಕ್ಕರು. ನಕ್ಕು ಹೊರಬಂದವರು ಪಾಲ್ ಪಾತ್ರದ ನಟ ಟಿಮೊಥಿ ಶಾಲಮೆ ತಲೆ ಬಾಚಿದರೆ ಲಿಸಾನ್ ಅಲ್ ಗೈಬ್, ನಿರ್ದೇಶಕ ಡೆನಿ ವಿಲ್ನೆವ್ ಕೆಮ್ಮಿದರೆ ಲಿಸಾನ್ ಅಲ್ ಗೈಬ್ ಎಂದು ಶುರು ಮಾಡಿದರು. ತಮಾಷೆಗೆ ಎನ್ನುತ್ತಾರೆ. ಮೊದಮೊದಲು ಎಲ್ಲರೂ ತಮಾಷೆಗೇ ಕೈ ಮುಗಿಯುವುದು.

ಬೆಂಗಳೂರಿನ ಐಮ್ಯಾಕ್ಸ್ ಸಾಲಿನಲ್ಲಿ ನಿಲ್ಲುವ ನಮ್ಮ ಸುಶಿಕ್ಷಿತ ಅಭಿಮಾನಿಯನ್ನು ನೋಡಿ. ಗಾಂಧಿನಗರದಲ್ಲಿ ನಾಯಕನಟನ ಕಟೌಟಿಗೆ ಹಾಲು ಸುರಿಯುವ ಹುಡುಗರನ್ನು ಕಂಡರೆ ಇವನಿಗೆ ಹೇಸಿಗೆ. ‘ಛೇ, ವ್ಯಕ್ತಿಪೂಜೆ’ ಎನ್ನುತ್ತಾನೆ. ಹಾಗೆಂದು ಹೇಳುವಾಗ ಇವನ ಅಂಗಿಯ ಎದೆಯ ಮೇಲೆ ‘ಭಯವೇ ಮನಸ್ಸಿನ ಕೊಲೆಗಾರ’ ಎಂಬ ಡ್ಯೂನ್ ಮಂತ್ರ ಅಚ್ಚಾಗಿರುತ್ತದೆ. ಹಾಲು ಸುರಿಯುವ ಹುಡುಗನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿದೆ, ಹಾಲಿನ ಬೆಲೆಯೂ ಗೊತ್ತಿದೆ. ಇವನಿಗೆ ತಾನು ಭಕ್ತ ಎಂಬುದೇ ಗೊತ್ತಿಲ್ಲ.

ಹರ್ಬರ್ಟ್ ಹೇಳಲು ಹೊರಟದ್ದು ಇದನ್ನೇ. ವರ್ಚಸ್ಸಿನ ನಾಯಕರ ಹಣೆಯ ಮೇಲೆ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆಯ ಚೀಟಿ ಅಂಟಿಸಬೇಕು ಎಂಬುದು ಅವನ ಪ್ರಸಿದ್ಧ ಮಾತು. ಮೊದಲ ಕಾದಂಬರಿ ಓದಿದವರು ಪಾಲ್‌ನನ್ನು ವೀರನೆಂದು ತಲೆಯ ಮೇಲೆ ಹೊತ್ತುಕೊಂಡಾಗ ಗಾಬರಿಯಾಗಿ 1969ರಲ್ಲಿ ಎರಡನೆಯದನ್ನು ತಂದ ಎನ್ನುತ್ತಾರೆ. ಅದರಲ್ಲಿ ಪಾಲ್ ತಾನೇ ಲೆಕ್ಕ ಒಪ್ಪಿಸುತ್ತಾನೆ: ಕಡಿಮೆಯೆಂದರೂ 6,100 ಕೋಟಿ ಜನರನ್ನು ಕೊಂದಿದ್ದೇನೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಚಾನಿಯನ್ನು ಭಕ್ತೆಯ ಬದಲು ಸಂಶಯಿಯಾಗಿ ಮಾಡಿದೆ, ಲೇಖಕನ ಎಚ್ಚರಿಕೆ ಅವಳ ಮೂಲಕ ಕಾಣಲಿ ಎಂದು ವಿಲ್ನೆವ್ ಹೇಳಿದ್ದಾನೆ. ಅಂದರೆ ಇಡೀ ಚಿತ್ರದಲ್ಲಿ ಹರ್ಬರ್ಟನ ಮಾತು ಕೇಳಿಸಿಕೊಂಡವಳು ಅವಳೊಬ್ಬಳೇ. ಮಡಿವಂತರಿಗೆ ಮೈಲಿಗೆಯಾಗಿ ಕಂಡದ್ದೂ ಅವಳೇ. ನಮ್ಮ ಚಿತ್ರಮಂದಿರಗಳಲ್ಲಿ ಸಿನಿಮಾಕ್ಕೆ ಮೊದಲು ತಂಬಾಕಿನ ಎಚ್ಚರಿಕೆ ತೋರಿಸುತ್ತಾರೆ. ಅದನ್ನೂ ಯಾರೂ ನೋಡುವುದಿಲ್ಲ, ಮೊಬೈಲ್ ತೆಗೆಯುತ್ತಾರೆ.

ಆ ಬಕೆಟ್ಟಿನ ವಿಷಯ ಬಿಡುವಂತಿಲ್ಲ. 2024ರ ಆರಂಭದಲ್ಲಿ ಅಮೆರಿಕದ ಎಎಂಸಿ ಚಿತ್ರಮಂದಿರಗಳು ಮರಳು ಹುಳುವಿನ ಬಾಯಿಯ ಆಕಾರದ ಪಾಪ್‌ಕಾರ್ನ್ ಡಬ್ಬಿ ಮಾರಿದವು. ಮುಚ್ಚಳದ ನಡುವೆ ಒಂದು ತೂತು, ಸುತ್ತ ಒಳಮುಖವಾಗಿ ಬಾಗಿದ ಮೆತ್ತನೆಯ ಪ್ಲಾಸ್ಟಿಕ್ ಎಸಳುಗಳು. ಕೈ ಒಳಗೆ ತೂರಿಸಬಹುದು, ಹೊರಗೆ ತೆಗೆಯುವಾಗ ಅರ್ಧ ಪಾಪ್‌ಕಾರ್ನ್ ಅಲ್ಲೇ ಉದುರುತ್ತದೆ. ಅದನ್ನು ಕಂಡವರ ಮನಸ್ಸು ಎಲ್ಲೆಲ್ಲಿಗೆ ಹೋಯಿತೆಂದು ಮರ್ಯಾದಸ್ಥರ ಅಂಕಣದಲ್ಲಿ ಬರೆಯಲಾಗದು. ಅಮೆರಿಕದ ಟೀವಿಯಲ್ಲಿ ಅದರ ಮೇಲೊಂದು ಹಾಡೇ ಬಂತು. ಡಬ್ಬಿ ಕೈಗೆ ಕೈ ದಾಟಿ ಕೊಂಡದ್ದಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ನೀರಿಲ್ಲದ ಲೋಕದಲ್ಲಿ ಬೆವರನ್ನೂ ಸೋಸಿ ಕುಡಿಯುವ ಜನರ ಕಥೆಯ ನೆನಪಿಗಾಗಿ ಒಂದು ಪ್ಲಾಸ್ಟಿಕ್ ಡಬ್ಬಿ. ಪರಿಸರದ ಬಗ್ಗೆ ಬರೆದ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಕಾಣಿಕೆ ಯಾರು ಕೊಟ್ಟಾರು?

ಮಡಿವಂತರ ದೂರುಗಳಲ್ಲಿ ಒಂದು ಮಾತ್ರ ನನಗೂ ಸರಿ ಎನ್ನಿಸುತ್ತದೆ. ಕಾದಂಬರಿಯ ತುಂಬ ‘ಜಿಹಾದ್’ ಎಂಬ ಪದವಿದೆ. ಚಿತ್ರದಲ್ಲಿ ಅದನ್ನು ನಾಜೂಕಾಗಿ ‘ಪವಿತ್ರ ಯುದ್ಧ’ ಮಾಡಿದ್ದಾರೆ. ಆದರೆ ಈ ದೂರನ್ನು ಯಾರೂ ಗಟ್ಟಿಯಾಗಿ ಹಿಡಿಯಲಿಲ್ಲ, ಏಕೆಂದರೆ ಹಿಡಿದರೆ ಮುಂದಿನ ಪ್ರಶ್ನೆ ಬರುತ್ತದೆ. ಚಿತ್ರೀಕರಣ ನಡೆದದ್ದು ಜೋರ್ಡಾನಿನ ವಾದಿ ರಮ್ ಮತ್ತು ಅಬುಧಾಬಿಯ ಮರಳಿನಲ್ಲಿ. ಜನರ ಉಡುಪು, ಪ್ರಾರ್ಥನೆ, ಹೆಸರು, ಬರಲಿರುವ ರಕ್ಷಕನ ನಂಬಿಕೆ, ಎಲ್ಲದರ ಬೇರು ಅರಬ್ ಜಗತ್ತಿನಲ್ಲಿದೆ. ಆ ಮರಳಿನ ಮುಖಂಡ ಸ್ಪೇನಿನವನು, ನಾಯಕಿ ಅಮೆರಿಕದವಳು. ಅವರ ಮರಳು ಬೇಕು, ಮಾತು ಬೇಕು, ದೇವರು ಬೇಕು, ಅವರು ಮಾತ್ರ ಮುಂದಿನ ಸಾಲಿನಲ್ಲಿ ಬೇಡ.

ಇದರ ಬಗ್ಗೆ ಬರದ ಸಿಟ್ಟು 2020ರಲ್ಲಿ ಬೇರೆ ಕಡೆಗೆ ಬಂದಿತ್ತು. ಕಾದಂಬರಿಯಲ್ಲಿ ಗಂಡಸಾಗಿದ್ದ ಲೀಟ್ ಕೈನ್ಸ್ ಎಂಬ ವಿಜ್ಞಾನಿಯ ಪಾತ್ರಕ್ಕೆ ಶರಾನ್ ಡಂಕನ್-ಬ್ರೂಸ್ಟರ್ ಎಂಬ ಕಪ್ಪು ಕಲಾವಿದೆ ಆಯ್ಕೆಯಾದಾಗ, ಗ್ರಂಥದ್ರೋಹ ಎಂದು ಎದೆ ಬಡಿದುಕೊಂಡವರಿದ್ದರು. ನಾನೂರು ಮೀಟರ್ ಉದ್ದದ ಹುಳುವನ್ನು ನಂಬುತ್ತಾರೆ, ಹುಟ್ಟುವ ಮೊದಲೇ ಎಲ್ಲ ತಿಳಿದಿರುವ ಮಗುವನ್ನು ನಂಬುತ್ತಾರೆ, ಕಪ್ಪು ಹೆಂಗಸು ವಿಜ್ಞಾನಿ ಎಂದರೆ ಮಾತ್ರ ಇವರಿಗೆ ಸಹಜತೆಯ ಚಿಂತೆ ಶುರುವಾಗುತ್ತದೆ. ಇದನ್ನು ಎಷ್ಟು ಸಲ ಎಷ್ಟು ಚಿತ್ರಗಳ ವಿಷಯದಲ್ಲಿ ಹೇಳಬೇಕು? ಪುಸ್ತಕದ ಮೇಲಿನ ಪ್ರೀತಿಯಂತೆ. ಯಾವ ಪುಸ್ತಕವನ್ನೂ ಪ್ರೀತಿಸಿದವರು ಹೀಗೆ ಮಾತನಾಡುವುದಿಲ್ಲ. ಇದಕ್ಕೆ ವ್ಯಂಗ್ಯ ಹುಡುಕಿ ಸಾಕಾಗಿದೆ, ಇದು ಬರೀ ಹೊಲಸು.

ಇರಲಿ, ಡಿಸೆಂಬರ್ ಬರುತ್ತದೆ. ರಾಜ್ಯದೆಲ್ಲೆಡೆ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿ ರಾಜ್ಯ ಸರಕಾರ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶಕ್ಕೆ ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆ ಬಗ್ಗೆ ನಮ್ಮ ಬಳಗ ತಲೆ ಕೆಡಿಸಿಕೊಂಡದ್ದನ್ನು ನಾನು ಕಾಣೆ. ಅವರ ಹೋರಾಟವೇನಿದ್ದರೂ ಮಧ್ಯಂತರದ ವಿರುದ್ಧ: ನಿರ್ದೇಶಕ ಇಡದ ಜಾಗದಲ್ಲಿ ಚಿತ್ರ ನಿಲ್ಲಿಸಿ ದೀಪ ಹಾಕಿದ್ದು ಕಲೆಗೆ ಮಾಡಿದ ದ್ರೋಹ ಎಂದು ಕೂಗುತ್ತಲೇ ಎದ್ದು, ಸಮೋಸದ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲುತ್ತಾರೆ. ಮುಂಗಡ ಬುಕಿಂಗ್ ತೆರೆದ ದಿನ ಸರ್ವರ್ ಕುಸಿದರೆ ಅದಕ್ಕೂ ವಿಲ್ನೆವ್‌ನೇ ಹೊಣೆ. ಕಾದಂಬರಿಯಲ್ಲಿ ಸರ್ವರ್ ಕುಸಿಯುವುದಿಲ್ಲ.