ಎರಡು ದಿನಕ್ಕೆ ಒಂದೇ ಊರು

ಅಕ್ಟೋಬರ್ ಸೆಮಿಸ್ಟರಿಗೆ ಜರ್ಮನಿಗೆ ಹೊರಟಿರುವ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಸೇರಿಸಿಯೇ ಇದನ್ನು ಬರೆಯುತ್ತಿದ್ದೇನೆ. ವೀಸಾ, ಖರ್ಚಿನ ಹಣ ಮೊದಲೇ ಕಟ್ಟಿಟ್ಟು ತಿಂಗಳಿಗಿಷ್ಟೇ ತೆಗೆಯುವ ಬ್ಲಾಕ್ಡ್ ಅಕೌಂಟ್, ರೂಮು ಇವುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹೋಗಿ ಎರಡು ತಿಂಗಳಾಗುವಷ್ಟರಲ್ಲಿ ಸ್ನೇಹಿತರು "ಈ ವೀಕೆಂಡ್ ಎಲ್ಲಾದರೂ ಹೋಗೋಣ" ಅನ್ನುತ್ತಾರಲ್ಲ, ಆ ಪ್ರವಾಸದ ಬಗ್ಗೆ ಸರಿಯಾಗಿ ಹೇಳುವವರು ಕಡಿಮೆ. ರೀಲ್ಸ್ ನೋಡಿದರೆ ಎರಡು ದಿನದಲ್ಲಿ ಮೂರು ದೇಶ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ: ಹೋಗಲೇಬೇಕು, ಆದರೆ ಎರಡು ದಿನಕ್ಕೆ ಒಂದೇ ಊರು ಸಾಕು.

ಲೆಕ್ಕ ಹಾಕಿ ನೋಡಿ. ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಓದುವ ನಾಲ್ವರು ಶುಕ್ರವಾರ ಸಂಜೆ ಕ್ಲಾಸು ಮುಗಿಸಿ ಚೆಕ್ ದೇಶದ ಪ್ರಾಗ್‌ಗೆ ಹೊರಟರು ಅಂದುಕೊಳ್ಳಿ. ಡ್ರೆಸ್ಡೆನ್‌ವರೆಗೆ ಒಂದು ಗಂಟೆ, ಅಲ್ಲಿಂದ ಪ್ರಾಗ್‌ಗೆ ಸುಮಾರು ಎರಡೂವರೆ ಗಂಟೆ. ರಾತ್ರಿ ಮಲಗುವ ಹೊತ್ತಿಗೆ ಊರು ಸೇರಿರುತ್ತಾರೆ. ಶನಿವಾರ ಪೂರ್ತಿ, ಭಾನುವಾರ ಸಂಜೆ ನಾಲ್ಕರವರೆಗೆ ಸೇರಿಸಿದರೆ ಎಚ್ಚರವಾಗಿರುವ ಇಪ್ಪತ್ತು ಗಂಟೆ ಕೈಗೆ ಸಿಗುತ್ತದೆ. ಅದೇ ಎರಡು ದಿನಕ್ಕೆ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಮೂರನ್ನೂ ತುರುಕಿದರೆ ಹೋಗಿಬರುವ ರೈಲಿನಲ್ಲೇ ಇಪ್ಪತ್ತು ಗಂಟೆ ದಾಟುತ್ತದೆ. ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ತೂಕಡಿಕೆ, ನೋಡಿದ್ದೆಲ್ಲ ರೈಲ್ವೆ ಸ್ಟೇಷನ್ನು. ಆದ್ದರಿಂದ ಮನೆಯಿಂದ ನಾಲ್ಕೈದು ಗಂಟೆಯೊಳಗೆ ತಲುಪುವ ಊರನ್ನೇ ಆರಿಸಿಕೊಳ್ಳಿ. ಮ್ಯೂನಿಕ್‌ನವರಿಗೆ ಸಾಲ್ಜ್‌ಬರ್ಗ್, ಆಖನ್‌ನವರಿಗೆ ಬ್ರಸೆಲ್ಸ್, ಸ್ಟುಟ್‌ಗಾರ್ಟ್‌ನವರಿಗೆ ಸ್ಟ್ರಾಸ್‌ಬರ್ಗ್, ಹೀಗೆ ಪ್ರತಿ ಊರಿಗೂ ಒಂದು ಪಕ್ಕದ ಊರು ಇದ್ದೇ ಇದೆ.

ಮೊದಲು ಕಾಗದಪತ್ರ, ಯಾಕೆಂದರೆ ಇಲ್ಲಿ ತಪ್ಪಿದರೆ ಮಿಕ್ಕಿದ್ದೆಲ್ಲ ವ್ಯರ್ಥ. ಜರ್ಮನಿಯ ವಾಸ ಪರವಾನಗಿ ಕಾರ್ಡ್ ಮತ್ತು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಎರಡೂ ಇದ್ದರೆ ಷೆಂಗೆನ್, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಕೂಟದ ಒಳಗಿನ ಬೇರೆ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಇರಬಹುದು, ಬೇರೆ ವೀಸಾ ಬೇಡ. ಹೋದ ಹೊಸತರಲ್ಲಿ ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ಡಿ ವೀಸಾಕ್ಕೂ (ದೀರ್ಘಾವಧಿಯ ವೀಸಾ) ಇದೇ ನಿಯಮ. ಎಡವಟ್ಟಾಗುವುದು ನಡುವಿನ ಅವಧಿಯಲ್ಲಿ. ಡಿ ವೀಸಾ ಮುಗಿದಿದೆ, ಕಾರ್ಡ್ ಇನ್ನೂ ಬಂದಿಲ್ಲ, ಕೈಯಲ್ಲಿರುವುದು ಅರ್ಜಿ ಹಾಕಿದ ರಸೀದಿಯೋ ತಾತ್ಕಾಲಿಕ ಪತ್ರವೋ ಮಾತ್ರ. ಆಗ ದೇಶದ ಗಡಿ ದಾಟಬೇಡಿ. ದಾಟಲೇಬೇಕೆಂದಿದ್ದರೆ ಆ ಪತ್ರದಲ್ಲಿ ಪ್ರಯಾಣಕ್ಕೆ ಅವಕಾಶ ಇದೆಯೇ ಎಂದು ಊರಿನ ವಿದೇಶಿಯರ ಕಚೇರಿ ಆಸ್‌ಲೆಂಡರ್‌ಬೆಹೋರ್ಡೆಗೆ ಇ-ಮೇಲ್ ಬರೆದು, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ. ಅಲ್ಲಿಯವರೆಗೆ ಜರ್ಮನಿಯೊಳಗೇ ಬರ್ಲಿನ್, ಹ್ಯಾಂಬರ್ಗ್, ಲೈಪ್‌ಜಿಗ್ ನೋಡಬಹುದು, ಅವೇನೂ ಕಮ್ಮಿ ಊರುಗಳಲ್ಲ.

ಪಾಸ್‌ಪೋರ್ಟಿನ ಜೆರಾಕ್ಸ್ ಇಟ್ಟುಕೊಂಡು ಹೊರಡುವವರು ತುಂಬ. ಅದು ನಡೆಯುವುದಿಲ್ಲ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಮತ್ತೆ ಶುರು ಮಾಡಿತು. ವಾಪಸ್ ಬರುವಾಗ ಪೊಲೀಸರು ರೈಲಿಗೆ, ಬಸ್ಸಿಗೆ ಹತ್ತಿ ಸೀಟಿಂದ ಸೀಟಿಗೆ ಬಂದು ಕೇಳಿದರೆ ಅಸಲಿ ಪಾಸ್‌ಪೋರ್ಟೂ ಬೇಕು, ಕಾರ್ಡೂ ಬೇಕು. ಎರಡನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ. ಪಾಸ್‌ಪೋರ್ಟ್ ಅಂಗಿಯ ಒಳಗಿನ ಚೀಲದಲ್ಲಿ, ಕಾರ್ಡ್ ಪರ್ಸಿನಲ್ಲಿ. ಒಂದು ಕಳೆದರೂ ಇನ್ನೊಂದು ಇದ್ದರೆ ಪೊಲೀಸರ ಮುಂದೆ ನೀವು ಯಾರೆಂದು ತೋರಿಸಬಹುದು. ಎರಡರ ಫೋಟೊ ನಿಮ್ಮ ಇ-ಮೇಲಿನಲ್ಲಿ ಇರಲಿ. ಲಂಡನ್, ಡಬ್ಲಿನ್ ಟಿಕೆಟ್ ಅಗ್ಗ ಕಂಡಿತೆಂದು ಬುಕ್ ಮಾಡಿಬಿಡಬೇಡಿ. ಬ್ರಿಟನ್ ಮತ್ತು ಐರ್ಲೆಂಡ್ ಷೆಂಗೆನ್‌ನಲ್ಲಿ ಇಲ್ಲ, ಎರಡಕ್ಕೂ ಬೇರೆ ಬೇರೆ ವೀಸಾ ಬೇಕು.

ಇನ್ನೊಂದು ತೊಡಕು ನಮ್ಮ ಕಡೆಯವರದ್ದೇ: ಇನಿಷಿಯಲ್. ಇಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ "ಮಂಜುನಾಥ ಕೆ. ಆರ್." ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಆ ಕೆ., ಆರ್. ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಆಗಿರುತ್ತದೆ, ಇಲ್ಲವೇ ಸರ್‌ನೇಮ್ ಜಾಗವೇ ಖಾಲಿ ಇರುತ್ತದೆ. ಟಿಕೆಟ್ ಬುಕ್ ಮಾಡುವ ಸ್ನೇಹಿತ ತನಗೆ ಗೊತ್ತಿರುವ ಹೆಸರು ಟೈಪ್ ಮಾಡಿಬಿಡುತ್ತಾನೆ. ರೈಲಿನಲ್ಲಿ ದಾಟಿಕೊಂಡರೂ ವಿಮಾನದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ, ಹೆಸರು ತಿದ್ದುವುದಕ್ಕೆ ಟಿಕೆಟ್ಟಿನ ಬೆಲೆಗಿಂತ ಹೆಚ್ಚು ಕೇಳುವುದೂ ಉಂಟು. ಬುಕ್ ಮಾಡುವವರಿಗೆ ಹೆಸರನ್ನು ಬಾಯಲ್ಲಿ ಹೇಳಬೇಡಿ, ಪಾಸ್‌ಪೋರ್ಟ್ ಪುಟದ ಫೋಟೊ ಕಳಿಸಿ. ಸರ್‌ನೇಮ್ ಖಾಲಿ ಇರುವವರು ಏನು ತುಂಬಬೇಕೆಂದು ಆಯಾ ವಿಮಾನ ಕಂಪನಿಯ ಸೈಟಿನಲ್ಲೇ ಇರುತ್ತದೆ, ಹಣ ಕಟ್ಟುವ ಮೊದಲು ಓದಿಕೊಳ್ಳಿ.

ಈಗ ರೈಲು. ಜರ್ಮನಿಯಿಡೀ ನಡೆಯುವ ತಿಂಗಳ ಪಾಸು ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಇದರ ಅಗ್ಗದ ವಿದ್ಯಾರ್ಥಿ ರೂಪ ಸೆಮಿಸ್ಟರ್ ಶುಲ್ಕದೊಳಗೇ ಸೇರಿರುತ್ತದೆ. ಆರ್‌ಬಿ, ಆರ್‌ಇ ಎಂಬ ಪ್ರಾದೇಶಿಕ ರೈಲು, ಎಸ್-ಬಾನ್ ಎಂಬ ನಗರ ರೈಲು, ಟ್ರಾಮ್, ಸಿಟಿ ಬಸ್ಸಿಗೆಲ್ಲ ನಡೆಯುತ್ತದೆ. ಐಸಿಇ, ಐಸಿ, ಇಸಿ ಎಂಬ ದೂರದ ವೇಗದ ರೈಲುಗಳಿಗೆ ನಡೆಯುವುದಿಲ್ಲ. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೆ ಇದೇ ಟಿಕೆಟ್ ಸಾಕು, ಒಂದು ಸೆಂಟೂ ಹೆಚ್ಚಿಗೆ ಬೇಡ. ಪ್ರಾಗ್‌ಗೆ ಡ್ರೆಸ್ಡೆನ್‌ನಿಂದ ಇಸಿ ಟಿಕೆಟ್ ಬೇರೆ ತೆಗೆಯಬೇಕು. ಅದೇ ರೈಲಿಗೆ ಜರ್ಮನ್ ರೈಲ್ವೆ ಸೈಟಿನಲ್ಲಿ ಒಂದು ದರ, ಚೆಕ್ ರೈಲ್ವೆ ಸೈಟಿನಲ್ಲಿ ಇನ್ನೊಂದು ದರ ಇರಬಹುದು, ಎರಡನ್ನೂ ನೋಡಿ.

ಇಲ್ಲೊಂದು ಗುಂಡಿ ಇದೆ. ಅಗ್ಗದ ಟಿಕೆಟ್ ಅದೇ ರೈಲಿಗೆ ಕಟ್ಟುಬಿದ್ದಿರುತ್ತದೆ. ಜರ್ಮನ್ ರೈಲ್ವೆಯಲ್ಲಿ ಒಂದೇ ಟಿಕೆಟ್ಟಿನ ಪ್ರಯಾಣ 20 ನಿಮಿಷಕ್ಕಿಂತ ಹೆಚ್ಚು ತಡವಾಗುವಂತಿದ್ದರೆ ಆ ಕಟ್ಟು ಬಿಚ್ಚಿಕೊಳ್ಳುತ್ತದೆ, ಬೇರೆ ರೈಲು ಹತ್ತಬಹುದು. ಆದರೆ ನೀವು ಡ್ರೆಸ್ಡೆನ್‌ವರೆಗೆ ಡಾಯ್ಚ್‌ಲಾಂಡ್ ಟಿಕೆಟ್, ಅಲ್ಲಿಂದ ಬೇರೆ ಟಿಕೆಟ್ ಎಂದು ಹೊರಟಿದ್ದೀರಿ. ಅವರ ಲೆಕ್ಕದಲ್ಲಿ ಅದು ಎರಡು ಪ್ರತ್ಯೇಕ ಪ್ರಯಾಣ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ನಷ್ಟ ನಿಮ್ಮದೇ. ಜರ್ಮನಿಯಲ್ಲಿ ರೈಲು ತಡವಾಗುವುದು ಅಪರೂಪವಲ್ಲ, ಆ ಭ್ರಮೆ ಇಲ್ಲೇ ಬಿಟ್ಟು ಹೋಗಿ. ಹಾಗಾಗಿ ನಡುವೆ ಒಂದು ಗಂಟೆ ಬಿಡಿ, ಇಲ್ಲವೇ ಕೆಮ್ನಿಟ್ಸ್‌ನಿಂದಲೇ ಒಂದೇ ಟಿಕೆಟ್ ತೆಗೆಯಿರಿ. ಒಂದೇ ಟಿಕೆಟ್ಟಿನಲ್ಲಿ ಗುರಿ ತಲುಪುವುದು ಒಂದು ಗಂಟೆ ತಡವಾದರೆ ಬೆಲೆಯ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ವಾಪಸ್ ಕೇಳಬಹುದು.

ಟಿಕೆಟ್ ಫೋನಿನಲ್ಲಿದ್ದು ಬ್ಯಾಟರಿ ಸತ್ತರೆ ಟಿಕೆಟ್ ಇಲ್ಲದ ಹಾಗೇ ಲೆಕ್ಕ, ಚೀಟಿ ಹರಿಯುತ್ತಾರೆ. ಜರ್ಮನಿಯಲ್ಲಿ ಟಿಕೆಟ್ ಇಲ್ಲದ ದಂಡ 60 ಯೂರೊ. ನಾಲ್ವರಿಗೆ ಎರಡು ಪವರ್ ಬ್ಯಾಂಕ್ ಇರಲಿ.

ವಿಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗದ ವಿಮಾನದ "ಪ್ಯಾರಿಸ್" ಅಂದರೆ ಬೊವೆ ಆಗಿರಬಹುದು, ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ. ತುಮಕೂರಿನಿಂದ ಮೆಜೆಸ್ಟಿಕ್‌ಗೆ ಇರುವುದು 70. "ಫ್ರಾಂಕ್‌ಫರ್ಟ್ ಹಾನ್" ಫ್ರಾಂಕ್‌ಫರ್ಟಿನಿಂದ 120 ಕಿ.ಮೀ. ದೂರ. ನಮ್ಮ ವಿಮಾನ ನಿಲ್ದಾಣ ದೇವನಹಳ್ಳಿಯಲ್ಲಿದ್ದು ಚಿಕ್ಕಬಳ್ಳಾಪುರದವರಿಗೇ ಹತ್ತಿರವಾದ ಹಾಗೆ ಅಲ್ಲೂ. ಟಿಕೆಟ್ಟಿನ ದರಕ್ಕೆ ಎರಡು ಕಡೆಯ ಬಸ್ ಚಾರ್ಜು, ಬ್ಯಾಗಿನ ಚಾರ್ಜು ಸೇರಿಸಿ ನೋಡಿ, ಆಮೇಲೆ ಅಗ್ಗವೋ ಅಲ್ಲವೋ ಹೇಳಿ.

ಪ್ರಾಗ್‌ನಲ್ಲಿ ಇಳಿದ ಮೇಲೆ ಮೊದಲ ಮೋಸ ಎಟಿಎಂನಲ್ಲಿ. ಅಲ್ಲಿ ಯೂರೊ ಅಲ್ಲ, ಕೊರುನಾ. ಕಾರ್ಡ್ ಹಾಕಿ, ಪಿನ್ ಒತ್ತಿ, ಮೊತ್ತ ಆರಿಸುತ್ತೀರಿ. ಆಮೇಲೆ ಒಂದು ಪರದೆ ಬರುತ್ತದೆ: ನಿಮ್ಮ ಖಾತೆಯಿಂದ ಇಷ್ಟು ಯೂರೊ ಕಡಿತವಾಗುತ್ತದೆ, ಒಪ್ಪಿಗೆಯೇ? ಒಂದು ಕಡೆ ದೊಡ್ಡದಾಗಿ "ಅಕ್ಸೆಪ್ಟ್ ಕನ್ವರ್ಷನ್", ಇನ್ನೊಂದು ಕಡೆ "ಡಿಕ್ಲೈನ್ ಕನ್ವರ್ಷನ್". ಡಿಕ್ಲೈನ್ ಒತ್ತಿದರೆ ದುಡ್ಡೇ ಬರುವುದಿಲ್ಲವೇನೋ ಎಂಬ ಹೆದರಿಕೆಯಲ್ಲಿ ಎಲ್ಲರೂ ಅಕ್ಸೆಪ್ಟ್ ಒತ್ತುತ್ತಾರೆ. ಡಿಕ್ಲೈನ್ ಒತ್ತಿದರೂ ಹಣ ಬರುತ್ತದೆ. ನಿರಾಕರಿಸಿದ್ದು ಆ ಯಂತ್ರದವನ ವಿನಿಮಯ ದರವನ್ನು ಮಾತ್ರ. ಆಗ ಲೆಕ್ಕ ಹಾಕುವುದು ನಿಮ್ಮ ಬ್ಯಾಂಕು, ಅದರ ದರ ಸಾಮಾನ್ಯವಾಗಿ ಎಷ್ಟೋ ವಾಸಿ. ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗಲೂ ಯೂರೊನಾ ಕೊರುನಾನಾ ಎಂದು ಕೇಳಿದರೆ ಕೊರುನಾ ಅನ್ನಿ. ನಗದು ಸ್ವಲ್ಪವೇ ತೆಗೆಯಿರಿ, ಉಳಿದ ಚಿಲ್ಲರೆ ಗಡಿ ದಾಟಿದ ಮೇಲೆ ಯಾರಿಗೂ ಬೇಡ.

ಟ್ರಾಮಿಗೆ 24 ಗಂಟೆಯ ಟಿಕೆಟ್ ತೆಗೆದರೆ ಎಣಿಸುವ ತಲೆನೋವಿಲ್ಲ. ಕಾಗದದ ಟಿಕೆಟ್ಟನ್ನು ಹತ್ತಿದ ಕೂಡಲೇ ಹಳದಿ ಪೆಟ್ಟಿಗೆಯಲ್ಲಿ ಒಂದೇ ಸಲ ಒತ್ತಿಸಬೇಕು. ಒತ್ತಿಸದ ಟಿಕೆಟ್ ಜೇಬಿನಲ್ಲಿದ್ದೂ ದಂಡ ಕಟ್ಟಿಸಿಕೊಳ್ಳುತ್ತಾರೆ. ಟ್ರಾಮಿನ ಒಳಗಿನ ಕಾರ್ಡ್ ಯಂತ್ರದಲ್ಲಿ ತೆಗೆದದ್ದಾದರೆ ಆಗಲೇ ಚಾಲ್ತಿಯಾಗಿರುತ್ತದೆ, ಮತ್ತೆ ಒತ್ತಿಸುವ ಹಾಗಿಲ್ಲ. ಕೋಟೆಗೆ ಹೋಗುವ 22ನೇ ನಂಬರ್ ಟ್ರಾಮಿನಲ್ಲಿ ಜೇಬುಗಳ್ಳರ ಕಾಟ, ಬ್ಯಾಗು ಎದೆಯ ಮೇಲೆ ಇರಲಿ.

ಚಾರ್ಲ್ಸ್ ಸೇತುವೆಯನ್ನು ಬೆಳಿಗ್ಗೆ ಏಳರೊಳಗೆ ನೋಡಿ. 1357ರಲ್ಲಿ ಕಟ್ಟಲು ಶುರುವಾದ ಕಲ್ಲಿನ ಸೇತುವೆ, ಅರ್ಧ ಕಿಲೋಮೀಟರ್ ಉದ್ದ, ಎರಡೂ ಬದಿಗೆ ಸಾಲು ವಿಗ್ರಹಗಳು. ಹತ್ತು ಗಂಟೆಯಾದರೆ ಜನರ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ. 1410ರ ಖಗೋಳ ಗಡಿಯಾರ ಗಂಟೆಗೊಮ್ಮೆ ಆಡುತ್ತದೆ, ಒಂದು ಸಲ ನಿಂತು ನೋಡಿದರೆ ಸಾಕು. ಯೆಹೂದಿ ಮ್ಯೂಸಿಯಂ ಶನಿವಾರ ಮುಚ್ಚಿರುತ್ತದೆ, ಭಾನುವಾರಕ್ಕೆ ಇಟ್ಟುಕೊಳ್ಳಿ. ಹೀಗೆ ಯಾವ ಊರಿಗೆ ಹೋದರೂ ರಜೆಯ ದಿನವನ್ನು ಮೊದಲೇ ನೋಡಿಕೊಳ್ಳಿ: ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿದರೆ ಅಲ್ಲಿಯದೇ ಓರ್ಸೆ ಮ್ಯೂಸಿಯಂ ಸೋಮವಾರ. ಲೂವ್ರ್‌ಗೆ ಯುರೋಪಿನಲ್ಲಿ ವಾಸವಿರುವ 18ರಿಂದ 25 ವಯಸ್ಸಿನವರಿಗೆ ಪ್ರವೇಶ ಉಚಿತ. ವಾಸ ಪರವಾನಗಿ ಇರುವ ನಿಮಗೂ ಅದು ಸಿಗುತ್ತದೆ. ಗೊತ್ತಿಲ್ಲದೆ ದುಡ್ಡು ಕೊಟ್ಟು ಹೋಗುವ ನಮ್ಮ ಮಕ್ಕಳನ್ನು ನೆನೆದರೆ ಸಂಕಟವಾಗುತ್ತದೆ. ಆಮ್ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮನೆಗೆ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ, ಆರು ವಾರ ಮುಂಚೆ ಮಂಗಳವಾರಗಳಂದು ಬಿಡುತ್ತಾರೆ.

ಊಟ. ಶುಕ್ರವಾರ ರಾತ್ರಿ ಮತ್ತು ಶನಿವಾರ ಬೆಳಿಗ್ಗೆಗೆ ಪುಳಿಯೋಗರೆ ಕಟ್ಟಿಕೊಂಡು ಹೋಗಿ. ತಲೆಗೆ ಹೊತ್ತಿಗೆ ನೂರು ಗ್ರಾಂ ಅಕ್ಕಿ, ನಾಲ್ವರಿಗೆ ಎರಡು ಹೊತ್ತಿಗೆ 800 ಗ್ರಾಂ. ಅನ್ನ ಉದುರುದುರಾಗಿರಲಿ, ಅಗಲ ತಟ್ಟೆಯಲ್ಲಿ ಹರಡಿ ಹಬೆ ಪೂರ್ತಿ ಆರಿದ ಮೇಲೆ ಗೊಜ್ಜು ಕಲಸಿ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವೆತು ಬೆಳಿಗ್ಗೆಗೆ ಹಳಸುತ್ತದೆ. ಹಸಿ ತೆಂಗಿನಕಾಯಿ ಬೇಡ, ತಿಪಟೂರು ಕೊಬ್ಬರಿ ಇದ್ದರೆ ತುರಿದು ಹಾಕಿ, ಹುರಿದ ಕಡಲೆಬೀಜ ಧಾರಾಳವಾಗಿ ಇರಲಿ. ಇದು ಚಳಿಗಾಲದ ಮಾತು. ಬೇಸಿಗೆಯಲ್ಲಿ ರಾತ್ರಿಗೆ ಮಾತ್ರ ಅನ್ನ, ಬೆಳಿಗ್ಗೆಗೆ ಚಪಾತಿ, ಚಟ್ನಿಪುಡಿ. ವಿಮಾನದಲ್ಲಾದರೆ ಗೊಜ್ಜು, ಉಪ್ಪಿನಕಾಯಿ, ತುಪ್ಪ ಎಲ್ಲವೂ ದ್ರವದ ಲೆಕ್ಕಕ್ಕೆ ಬರುತ್ತವೆ, ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ಎತ್ತಿಡಬಹುದು. ಚಟ್ನಿಪುಡಿಗೆ ಆ ತೊಂದರೆ ಇಲ್ಲ. ಮಾಂಸ ತಿನ್ನದವರು ಪ್ರಾಗ್‌ನ ಹೋಟೆಲಿನಲ್ಲಿ "ಬೆಜ್ ಮಸಾ" ಅನ್ನಿ, ಮಾಂಸ ಬೇಡ ಎಂದರ್ಥ. ಸೂಪು ಮಾತ್ರ ಕೇಳಿಯೇ ಕುಡಿಯಿರಿ, ತರಕಾರಿ ಸೂಪಿಗೂ ಮೂಳೆ ಬೇಯಿಸಿದ ನೀರು ಹಾಕಿರಬಹುದು.

ಗುಂಪು ನಾಲ್ಕು ಜನಕ್ಕೆ ಮೀರದಿರಲಿ. ಎಂಟು ಜನ ಆದರೆ ಊಟಕ್ಕೆ ಜಾಗ ಸಿಗುವುದಿಲ್ಲ, ಒಬ್ಬರಿಗೆ ಕಾಯುತ್ತಾ ಎಲ್ಲರ ಹೊತ್ತೂ ಹೋಗುತ್ತದೆ. ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಬರುವುದು 992 ಯೂರೊ, ಅದರಲ್ಲೇ ಬಾಡಿಗೆ, ವಿಮೆ, ಊಟ. ಹಾಸ್ಟೆಲ್ ಡಾರ್ಮಿಟರಿ, ರೈಲು, ಟ್ರಾಮು, ಊಟ ಎಲ್ಲ ಸೇರಿ ಹಿಡಿತದಲ್ಲಿ ಮಾಡಿದರೆ ಇಂಥ ಪ್ರವಾಸ ಒಬ್ಬರಿಗೆ 120ರಿಂದ 150 ಯೂರೊದಲ್ಲಿ ಮುಗಿಯುತ್ತದೆ. ಆದ್ದರಿಂದ ಎರಡು ತಿಂಗಳಿಗೊಂದು ಸಾಕು. ಗುಂಪಿನಲ್ಲಿ ಒಬ್ಬನ ಕೈ ಬಿಗಿಯಿದ್ದರೆ ಅವನ ಬಜೆಟ್ಟೇ ಎಲ್ಲರ ಬಜೆಟ್ಟು ಎಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಅಲ್ಲಿ ಹೋದ ಮೇಲೆ ಹೋಟೆಲ್ ಬಾಗಿಲಲ್ಲಿ ಅವನು ಸಂಕೋಚಪಡುವುದು ಬೇಡ. ಹಾಸ್ಟೆಲಿಗೆ ಸ್ವಂತ ಬೀಗ, ಟವೆಲ್ ಒಯ್ಯಿರಿ. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆ ಇರುವವರು ಕಾರ್ಡಿನ ಹಿಂಬದಿ ನೋಡಿ, ಅದೇ ಯುರೋಪಿಯನ್ ವಿಮಾ ಕಾರ್ಡು. ತುರ್ತಿಗೆ ಎಲ್ಲ ಕಡೆಯೂ 112.

ಇನ್ನು ಅಪ್ಪ ಅಮ್ಮಂದಿರಿಗೆ. "ಓದೋಕೆ ಹೋಗಿದ್ದೀಯೋ ತಿರುಗೋಕೆ ಹೋಗಿದ್ದೀಯೋ?" ಈ ಒಂದು ಮಾತನ್ನು ದಯವಿಟ್ಟು ಆಡಬೇಡಿ. ಸಾಲ ಮಾಡಿ ಕಳಿಸಿದವರ ಹೊಟ್ಟೆಯ ಸಂಕಟ ಅರ್ಥವಾಗುತ್ತದೆ. ಆದರೆ ಈ ಮಾತು ಕೇಳಿದ ಮಗ ಹೋಗುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ. ಆಮೇಲೆ ಪಾಸ್‌ಪೋರ್ಟ್ ಕಳೆದರೂ ಜ್ವರ ಬಂದರೂ ಅವನೆಲ್ಲಿದ್ದಾನೆಂದು ಮನೆಯವರಿಗೇ ಗೊತ್ತಿರುವುದಿಲ್ಲ. ಅದರ ಬದಲು ಮೂರು ವಿಷಯ ಕೇಳಿಟ್ಟುಕೊಳ್ಳಿ: ರೈಲಿನ ನಂಬರು, ಉಳಿಯುವ ಹಾಸ್ಟೆಲಿನ ಹೆಸರು ವಿಳಾಸ, ಜೊತೆಗಿರುವ ಒಬ್ಬರ ಫೋನ್ ನಂಬರು. ಅಲ್ಲಿ ರಾತ್ರಿ ಹತ್ತಾದಾಗ ಇಲ್ಲಿ ಬೇಸಿಗೆಯಲ್ಲಿ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ತಲುಪಿದ ಮೆಸೇಜು ಬೆಳಿಗ್ಗೆ ಎದ್ದಾಗ ಸಿಗುತ್ತದೆ, ಅದಕ್ಕಾಗಿ ರಾತ್ರಿಯೆಲ್ಲ ಕೂರಬೇಡಿ. ಮಕ್ಕಳೇ, ನೀವೂ ಆ ಮೆಸೇಜನ್ನು ಮರೆಯದೆ ಹಾಕಿ.

ಭಾನುವಾರ ವಾಪಸ್ ಹೊರಡುವಾಗ ಕೊನೆಯ ರೈಲನ್ನು ನಂಬಬೇಡಿ, ಅದಕ್ಕಿಂತ ಹಿಂದಿನದನ್ನು ಹಿಡಿಯಿರಿ. ಡ್ರೆಸ್ಡೆನ್‌ನಲ್ಲಿ ಕೊಂಡಿ ತಪ್ಪಿದರೂ ಇನ್ನೊಂದು ರೈಲು ಇರುತ್ತದೆ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಗೋಡೆ ಗಡಿಯಾರ ನೋಡಿ ಹೊರಟವರಿಗೆ ರೈಲು ತಪ್ಪುತ್ತದೆ. ಪ್ರಾಗ್‌ನಲ್ಲಿ ಭಾನುವಾರವೂ ಅಂಗಡಿ ತೆರೆದಿರುತ್ತದೆ, ಜರ್ಮನಿಯಲ್ಲಿ ಮುಚ್ಚಿರುತ್ತದೆ. ರಾತ್ರಿ ರೂಮು ಸೇರಿದಾಗ ಫ್ರಿಜ್ಜಿನಲ್ಲಿ ಹಾಲು, ಮೊಸರು ಇರಬೇಕೆಂದರೆ ಶುಕ್ರವಾರ ಹೊರಡುವ ಮೊದಲೇ ತಂದಿಟ್ಟಿರಿ.