ಕಾರ್ಟೂನಿಸ್ಟರ ಹೊಟ್ಟೆ ಮೇಲೆ ಹೊಡೆಯಬೇಡಿ

ಚುನಾವಣೆಯಲ್ಲಿ ಸೋತವರಿಗಾದರೂ ಐದು ವರ್ಷ ಬಿಟ್ಟು ಇನ್ನೊಂದು ಅವಕಾಶ ಸಿಗುತ್ತದೆ. ಮತ ಎಣಿಕೆಯ ದಿನ ಕಾರ್ಟೂನ್ ಬರೆಯುವವರ ಪಾಡು ಕೇಳುವವರೇ ಇಲ್ಲ. ಗೆಲ್ಲುತ್ತಾರೆ ಅಂದವರೇ ಗೆದ್ದರೆ ಕೆಲಸ ಸಲೀಸು: ಒಂದು ಕುರ್ಚಿ, ಒಂದು ಹಾರ, ಮೂಲೆಯಲ್ಲಿ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡ ಎದುರಾಳಿ. ಫಲಿತಾಂಶ ತಿರುಗಿಬಿತ್ತೋ, ಮುಗೀತು. ಇವರು ಗೀಚಬೇಕಾದ್ದನ್ನೆಲ್ಲ ನಾಯಕರು, ಪಂಡಿತರು ತಾವೇ ಮಾಡಿ ತೋರಿಸಿಬಿಡುತ್ತಾರೆ.

ಅಮೆರಿಕದ 1948ರ ಅಧ್ಯಕ್ಷ ಚುನಾವಣೆಯಲ್ಲಿ ಆದದ್ದು ಇದೇ. ಆಗಿನ ಅಧ್ಯಕ್ಷ ಟ್ರೂಮನ್ ಸೋಲು ಗ್ಯಾರಂಟಿ ಅಂತ ಪಂಡಿತರೆಲ್ಲ ಷರಾ ಬರೆದಾಗಿತ್ತು. ಎಣಿಕೆ ಮುಗಿಯುವ ಮೊದಲೇ ಅಚ್ಚಿಗೆ ಹೋದ ‘ಷಿಕಾಗೊ ಟ್ರಿಬ್ಯೂನ್’, ಎದುರಾಳಿ ಡ್ಯೂಯಿ ಕೈಯಲ್ಲಿ ಟ್ರೂಮನ್ ಸೋತರು ಅಂತ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿತು. ಗೆದ್ದದ್ದು ಟ್ರೂಮನ್. ಅವರು ಆ ಪತ್ರಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹಲ್ಲೆಲ್ಲ ಕಾಣುವ ಹಾಗೆ ನಕ್ಕರು. ಫೋಟೊ ಇವತ್ತಿಗೂ ಓಡಾಡುತ್ತಿದೆ. ಆ ನಗುವಿಗೆ ಇನ್ನೊಂದು ಗೆರೆ ಸೇರಿಸಲು ಯಾರಿಂದಾದೀತು?

ಅದಕ್ಕೂ ಮೊದಲು, 1936ರಲ್ಲಿ, ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಮಾದರಿ ಮತಪತ್ರ ಕಳಿಸಿತ್ತು. ಹೆಸರು ಹೆಕ್ಕಿದ್ದು ಟೆಲಿಫೋನ್ ಡೈರೆಕ್ಟರಿಯಿಂದ, ಕಾರು ನೋಂದಣಿಯ ಪಟ್ಟಿಯಿಂದ. ಕಾರು, ಫೋನು ಇದ್ದವರ ಮಾತು ಕೇಳಿ, ಅಧ್ಯಕ್ಷ ರೂಸ್‌ವೆಲ್ಟ್ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಬಾಚಿಕೊಂಡರು. ಎರಡು ವರ್ಷದಲ್ಲಿ ಪತ್ರಿಕೆಯೇ ನಿಂತಿತು. ಆಗಿನವರಿಗೆ ಅಷ್ಟಾದರೂ ಸಂಕೋಚ ಇತ್ತು ಅನ್ನಿ. ಈಗಿನವರು ಅಂಗಡಿ ಮುಚ್ಚುವುದಿಲ್ಲ, ಬೋರ್ಡಿಗೆ ಹೊಸ ಬಣ್ಣ ಹೊಡೆಸುತ್ತಾರೆ.

ನಮ್ಮಲ್ಲಿ 2024ರ ಲೋಕಸಭೆ ನೋಡಿ. ಬಿಜೆಪಿಯ ಘೋಷಣೆ 400 ಪಾರ್. ಎಕ್ಸಿಟ್ ಪೋಲ್‌ಗಳು ಎನ್‌ಡಿಎಗೆ 350ರ ಮೇಲೆ ಧಾರಾಳವಾಗಿ ಬಡಿಸಿದವು. ಅದನ್ನು ನಂಬಿ ಜೂನ್ 3ರಂದು ಸೆನ್ಸೆಕ್ಸ್ 2,500 ಅಂಶ ಹಾರಿತು. ಮಾರನೇ ದಿನ ನಿಜವಾದ ವೋಟು ಕಂಡು 4,300ಕ್ಕೂ ಜಾಸ್ತಿ ಅಂಶ ಬಿತ್ತು. ಎನ್‌ಡಿಎಗೆ ಬಂದದ್ದು 293, ಬಿಜೆಪಿಗೆ 240. ಸಮೀಕ್ಷೆ ಸಂಸ್ಥೆಯ ಮುಖ್ಯಸ್ಥರೊಬ್ಬರು ಟಿವಿ ಸ್ಟುಡಿಯೋದಲ್ಲೇ, ನೇರಪ್ರಸಾರದಲ್ಲೇ ಅತ್ತುಬಿಟ್ಟರು. ಕಾರ್ಟೂನ್‌ನಲ್ಲಾದರೆ ಕಣ್ಣೀರನ್ನು ಬಕೆಟ್‌ಗಟ್ಟಲೆ ಸುರಿಸಬಹುದು. ನಿಜವಾಗಿ ಅಳುತ್ತಿರುವವರ ಮುಂದೆ ಬಕೆಟ್ ಇಡಲು ಮನಸ್ಸು ಬರುತ್ತದಾ?

ಆ ಪಕ್ಷದವರಿಗೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹರಿಯಾಣದಲ್ಲಿ ಕಾಂಗ್ರೆಸ್ ಗೆಲ್ಲುತ್ತದೆ ಅಂತ ಸಮೀಕ್ಷೆಗಳೆಲ್ಲ ಒಂದೇ ರಾಗ ಹಾಡಿದವು. ಬೆಳಿಗ್ಗೆ ಮುನ್ನಡೆ ಕಂಡದ್ದೇ ತಡ, ಪಕ್ಷದ ಕಚೇರಿ ಮುಂದೆ ಡೋಲು ಬಡಿದು, ಜಿಲೇಬಿ ಹಂಚಿದರು. ಡೋಲಿನ ಸದ್ದು ಅಡಗುವ ಮೊದಲೇ ಅಂಕಿ ತಿರುಗಿತು. ಕೊನೆಗೆ 90ರಲ್ಲಿ ಬಿಜೆಪಿ 48, ಕಾಂಗ್ರೆಸ್ 37. ಬಾಯಲ್ಲಿ ಅರ್ಧ ಜಿಲೇಬಿ, ಟಿವಿಯಲ್ಲಿ ಪೂರ್ತಿ ಸೋಲು. ನುಂಗೋದಾ, ಉಗುಳೋದಾ?

ಸಂಜೆಯ ಚರ್ಚೆಯಂತೂ ಕೇಳಲೇಬೇಡಿ. ಬೆಳಿಗ್ಗೆ ತಪ್ಪು ಹೇಳಿದ ಅದೇ ಮುಖಗಳು, ಅದೇ ಟೈ. ‘ಅಂಡರ್ ಕರೆಂಟ್ ಇತ್ತು’ ಅನ್ನುತ್ತಾರೆ. ಒಂದು ತಿಂಗಳು ಯಾರ ಕೈಗೂ ತಾಗದ ಕರೆಂಟು ಎಣಿಕೆ ಮುಗಿದ ಕೂಡಲೇ ಎಲ್ಲರಿಗೂ ಹೊಡೆಯುತ್ತದೆ. ಆರ್.ಕೆ. ಲಕ್ಷ್ಮಣ್ ತಮ್ಮ ಶ್ರೀಸಾಮಾನ್ಯನ ಬಾಯಿಗೆ ಒಂದು ಮಾತೂ ಕೊಡಲಿಲ್ಲ. ಅವನನ್ನು ಮಾತಾಡಿಸಿ ಸೀಟು ಲೆಕ್ಕ ಹಾಕುತ್ತೇವೆ ಅಂತ ಮೈಕು ಹಿಡಿದು ಹೊರಟವರಿಗೆ ಅವನು ಏನು ಹೇಳಿ ಕಳಿಸುತ್ತಾನೋ! ಕೇಳಿದವರಿಗೆಲ್ಲ ‘ನಿಮಗೇ ಸ್ವಾಮಿ’ ಅನ್ನುತ್ತಾನೆ ಅಂತ ನನ್ನ ಗುಮಾನಿ.

ಮತದಾನ ಪೂರ್ತಿ ಮುಗಿಯುವವರೆಗೆ ಎಕ್ಸಿಟ್ ಪೋಲ್ ಪ್ರಸಾರ ಮಾಡುವಂತಿಲ್ಲ ಅಂತ ಕಾನೂನೇ ಇದೆ. ಚುನಾವಣಾ ಆಯೋಗಕ್ಕೆ ಕಾರ್ಟೂನಿಸ್ಟರ ಪರವಾಗಿ ನನ್ನದೊಂದು ಅರ್ಜಿ: ಎಣಿಕೆ ಮುಗಿದ ಮೇಲೂ ಮೂರು ದಿನ ನಾಯಕರು, ತಜ್ಞರು, ವಕ್ತಾರರು ಯಾರೂ ಕ್ಯಾಮೆರಾ ಮುಂದೆ ಬಾಯಿ ತೆರೆಯದಂತೆ ಆದೇಶ ಹೊರಡಿಸಿ. ಅಷ್ಟರಲ್ಲಿ ಇವರು ಹೇಗೋ ಒಂದು ಚಿತ್ರ ಮುಗಿಸಿಕೊಳ್ಳುತ್ತಾರೆ.